ಹಗಲು ಹೊತ್ತಿನ ಬಲ್ಬು

ಬೆಳಿಗ್ಗೆ ಹತ್ತೂವರೆಗೆಲ್ಲ ಕಿಟಕಿಯ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು, ಆದರೂ ಬಲ್ಬು ಉರಿಯುತ್ತಲೇ ಇತ್ತು. ರಾಧಾಮಣಿ ಪ್ಲಗ್ಗು ಕಿತ್ತು ಮತ್ತೆ ಹಾಕಿದಳು. ಬಲ್ಬು ಒಂದು ಕ್ಷಣ ಆರಿ, ಪೆಟ್ಟಿಗೆಯೊಳಗೆ ಟಕ್ ಎಂದು, ಮತ್ತೆ ಹೊತ್ತಿಕೊಂಡಿತು. ಹಳೇ ಟೀವಿಗೆ ಬಡಿಯುವ ಹಾಗೆ ಬೂದು ಬಣ್ಣದ ಆ ಪ್ಲಾಸ್ಟಿಕ್ ಪೆಟ್ಟಿಗೆಗೆ ಎರಡು ಏಟು ಹಾಕಿದಳು. ಊಹೂಂ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಂಕಿಗಳು ಸಾಲುಗಟ್ಟಿ ಇಳಿಯುತ್ತಿದ್ದವು: ನೂರಾ ಅರವತ್ತೆರಡು, ನೂರಾ ಅರವತ್ತು, ನೂರಾ ಅರವತ್ತೊಂದು.

"ನಿನ್ ಮನೆ ಹಾಳಾಗ," ಎಂದಳು ಪೆಟ್ಟಿಗೆಗೆ.

ನಿನ್ನೆ ಸಂಜೆ ಇದೇ ಪೆಟ್ಟಿಗೆ ಹೇಳಿದ ಮಾತು ಕೇಳುವ ಮಗುವಿನ ಹಾಗಿತ್ತು. ತಾರಸಿಯ ಮೇಲೆ ಇಟ್ಟಾಗ ಒಂಬೈನೂರರ ಹತ್ತಿರವಿದ್ದ ಅಂಕಿ, ಅಲ್ಲಾಳಸಂದ್ರದ ಕೆರೆಯ ಆಚೆ ಹೊತ್ತು ಇಳಿದ ಹಾಗೆಲ್ಲ ತಾನೂ ಇಳಿದು, ಮುನ್ನೂರರ ಕೆಳಗೆ ಕಾಲಿಟ್ಟ ಕೂಡಲೇ ಬಲ್ಬು ಹೊತ್ತಿಕೊಂಡಿತ್ತು. ಪಕ್ಕದಲ್ಲಿ ನಿಂತಿದ್ದ ಅತ್ತೆ ಲಕ್ಷ್ಮಿದೇವಮ್ಮ, ಸಂಜೆ ದೀಪ ಹಚ್ಚಿದಾಗ ಮುಗಿಯುವ ಹಾಗೆ ಆ ಬಲ್ಬಿಗೂ ಕೈ ಮುಗಿದಿದ್ದರು. ಅಷ್ಟಕ್ಕೇ ಬಿಡದೆ ಕೆಳಗಿಳಿದು ಹೋಗಿ, ನಮ್ ಸೊಸೆ ಬೀದಿ ದೀಪ ಅತ್ಸೋ ಯಂತ್ರ ಮಾಡವ್ಳೆ ಅಂತ ಬೀದಿಗೆಲ್ಲ ಡಂಗುರ ಹೊಡೆದು ಬಂದಿದ್ದರು. ಈಗ ಬೀದಿಯವರು ಬಂದು ನೋಡಿದರೆ ಮುಖ ಎಲ್ಲಿಟ್ಟುಕೊಳ್ಳುವುದು?

ಕೆಲಸವೇನು ಬ್ರಹ್ಮವಿದ್ಯೆಯಲ್ಲ. ಬಟಾಣಿ ಕಾಳಿನಷ್ಟು ಅಗಲದ ಒಂದು ಬೆಳಕಿನ ಸೆನ್ಸರು. ಬೆಳಕು ಬಿದ್ದರೆ ಕರೆಂಟಿಗೆ ದಾರಿ ಬಿಡುತ್ತದೆ, ಕತ್ತಲಾದರೆ ಅಡ್ಡ ನಿಲ್ಲುತ್ತದೆ. ಅದರ ಒಂದು ಕಾಲು ಐದು ವೋಲ್ಟಿಗೆ. ಇನ್ನೊಂದು ಕಾಲು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಎ ಝೀರೋ ಎಂಬ ಪಿನ್ನಿಗೆ. ಅದೇ ಜಾಗದಿಂದ ಹತ್ತು ಕೆ, ಅಂದರೆ ಹತ್ತು ಸಾವಿರ ಓಮ್ ತಡೆಯ, ರೆಸಿಸ್ಟರ್ ಒಂದು ಗ್ರೌಂಡಿಗೆ. ಅಷ್ಟೇ. ಎ ಝೀರೋ ಬರೀ ಹೌದು ಅಲ್ಲ ಎನ್ನುವ ಪಿನ್ನಲ್ಲ. ಎಷ್ಟು ಅಂತ ಕೇಳಿದರೆ ಸೊನ್ನೆಯಿಂದ ಸಾವಿರದ ಇಪ್ಪತ್ತಮೂರರವರೆಗೆ ಯಾವುದಾದರೂ ಒಂದು ಅಂಕಿ ಹೇಳುತ್ತದೆ. ಮುನ್ನೂರಕ್ಕಿಂತ ಕಮ್ಮಿ ಹೇಳಿದರೆ ಸಂಜೆಯಾಯಿತು, ದೀಪ ಹಚ್ಚು ಅಂತ ರಾಧಾಮಣಿ ಪ್ರೋಗ್ರಾಮಿನಲ್ಲಿ ಬರೆದಿದ್ದಳು. ಈಗ ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ನಿಂತು ಅದು ಸಂಜೆಯಾಯಿತು ಎನ್ನುತ್ತಿತ್ತು.

ಮಧ್ಯಾಹ್ನ ಮೂರು ಗಂಟೆಗೆ ಅವಳು ಈ ಪೆಟ್ಟಿಗೆಯನ್ನು ಯಶವಂತಪುರದಲ್ಲಿ ಸೇತುರಾಮ ಅವರ ಮುಂದೆ ಇಡಬೇಕಿತ್ತು. ಅಪಾರ್ಟ್‌ಮೆಂಟುಗಳ ಕಾಂಪೌಂಡು ದೀಪಗಳನ್ನು ತಾನಾಗಿ ಹೊತ್ತಿಸಿ ಆರಿಸುವ ಪೆಟ್ಟಿಗೆಗಳನ್ನು ಮಾಡುವ ಸಣ್ಣ ವರ್ಕ್‌ಶಾಪು ಅವರದು. ಅಲ್ಲಿನ ಟೆಸ್ಟಿಂಗ್ ಬೆಂಚಿಗೆ ಒಬ್ಬರು ಬೇಕಂತೆ ಎಂದು ಸುದ್ದಿ ತಂದವಳು ಸುಮೈರಾ. ಹದಿನೆಂಟು ವರ್ಷದ ಹಿಂದೆ ಟೀವಿ ಫ್ಯಾಕ್ಟರಿಯಲ್ಲಿ ರಾಧಾಮಣಿಯ ಪಕ್ಕದ ಸ್ಟೂಲಿನಲ್ಲಿ ಕೂತು ಬೆಸುಗೆ ಹಾಕುತ್ತಿದ್ದವಳು ಈಗ ಸೇತುರಾಮ ಅವರಲ್ಲಿದ್ದಳು. ರಾಧಾಮಣಿಯ ಡಿಪ್ಲೊಮಾ ಸರ್ಟಿಫಿಕೇಟನ್ನು ಸೇತುರಾಮ ತಿರುಗಿಸಿಯೂ ನೋಡಿರಲಿಲ್ಲ. ಮನೆಯಲ್ಲೇ ಒಬ್ಬರೇ ಕೂತು ಮೊದಲಿಂದ ಕೊನೆಯವರೆಗೆ ಒಂದು ಪೆಟ್ಟಿಗೆ ಮಾಡಿಕೊಂಡು ಬನ್ನಿ, ಮೂರು ವಾರ ಕೊಡುತ್ತೇನೆ, ನಡೆದರೆ ಬೆಂಚು ನಿಮ್ಮದು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದಿದ್ದರು. ಆ ಮೂರು ವಾರ ಇವತ್ತಿಗೆ, ಶುಕ್ರವಾರಕ್ಕೆ, ಮುಗಿಯುತ್ತಿತ್ತು.

ದುಡ್ಡಿಗೇನೂ ಮನೆಯಲ್ಲಿ ಬರವಿರಲಿಲ್ಲ. ಮಾವ ಚಿಕ್ಕಹನುಮಯ್ಯ ರಾಗಿ ಬೆಳೆದ ಹೊಲದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿದ್ದವು. ಗಂಡ ಉಮೇಶ್ ಇನ್ನೊಂದು ಕಟ್ಟಡ ಎಬ್ಬಿಸಲು ದಿನಾ ಮಾಕಳಿಗೆ ಓಡಾಡುತ್ತಿದ್ದ. ನೀನು ಮಾಡದೇ ಇದ್ದರೆ ಬೆಂಗಳೂರಲ್ಲಿ ಬೀದಿ ದೀಪ ಉರಿಯಲ್ವಾ ಅಂತ ಅವನು ಒಂದು ಸಲ ನಕ್ಕಿದ್ದ, ಅಷ್ಟೇ. ಬೇಡ ಅಂದವನಲ್ಲ, ಮಾಡು ಅಂದವನೂ ಅಲ್ಲ. ರಾಧಾಮಣಿಗೆ ಬೇಕಾಗಿದ್ದದ್ದು ಬೇರೆ. ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟು ದಾಟುವಾಗ ಯಾರಾದರೂ ಎಲ್ಲಿಗೆ ಹೊರಟಿರಿ ಅಂತ ಕೇಳಬೇಕು, ಡ್ಯೂಟಿಗೆ ಅಂತ ತಾನು ಹೇಳಬೇಕು. ನಲವತ್ತೆರಡನೇ ವಯಸ್ಸಿನಲ್ಲಿ ಇಂಥ ಆಸೆಯನ್ನು ಬಾಯಿ ಬಿಟ್ಟು ಹೇಳಿಕೊಳ್ಳಲು ಅವಳಿಗೇ ನಾಚಿಕೆಯಾಗುತ್ತಿತ್ತು.

ಪೆಟ್ಟಿಗೆಯನ್ನು ಟವೆಲ್ಲಿನ ಮೇಲೆ ಬೋರಲು ಹಾಕಿ, ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿದಳು. ಬೆಳಗಿನಿಂದ ಇದು ಐದನೇ ಸಲ. ಗ್ರೌಂಡ್ ವೈರು ಎಳೆದು ನೋಡಿದಳು, ಗಟ್ಟಿಯಾಗಿತ್ತು. ಬೆಸುಗೆಗಳನ್ನೆಲ್ಲ ಮತ್ತೊಮ್ಮೆ ಕಾಯಿಸಿದಳು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು. ನಿನ್ನೆಯದೇ, ಒಂದು ಅಕ್ಷರ ಬದಲಾಗಿರಲಿಲ್ಲ. ಕೊನೆಗೆ ಅನುಮಾನ ರೆಸಿಸ್ಟರಿನ ಮೇಲೆ ಬಂತು. ಹತ್ತು ಕೆ ಎಂದರೆ ಕಂದು, ಕಪ್ಪು, ಕಿತ್ತಳೆ ಪಟ್ಟಿ. ಒಂದು ಕೆ ಎಂದರೆ ಕಂದು, ಕಪ್ಪು, ಕೆಂಪು. ಕಿತ್ತಳೆಗೂ ಕೆಂಪಿಗೂ ಇರುವ ವ್ಯತ್ಯಾಸ ಕಾಣಲು ಅವಳು ಅದನ್ನು ಕೈ ಚಾಚಿ ದೂರ ಹಿಡಿದಳು, ಹತ್ತಿರ ತಂದಳು, ಮತ್ತೆ ದೂರ ಹಿಡಿದಳು. ಚಾಳೀಸು ಬಂದು ಎರಡು ವರ್ಷವಾಗಿತ್ತು. ಕನ್ನಡಕ ಹಾಕಿಸಿಕೊಂಡರೆ ವಯಸ್ಸಾಯಿತು ಅಂತ ಒಪ್ಪಿಕೊಂಡ ಹಾಗೆ ಎಂಬ ಹಟದಲ್ಲಿ ಕಣ್ಣಿನ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಮೀಟರು ಹಿಡಿದರೆ ರೆಸಿಸ್ಟರು ಸರಿಯಾಗಿ ಹತ್ತು ಕೆ ತೋರಿಸಿತು. ಅದೂ ಸರಿ, ಇದೂ ಸರಿ, ಎಲ್ಲವೂ ಸರಿ, ಕೆಲಸ ಮಾತ್ರ ಇಲ್ಲ.

"ಅದ್ಯಾಕಮ್ಮಿ, ಅಗಲೊತ್ತೇ ಉರೀತದೆ?"

ಲಕ್ಷ್ಮಿದೇವಮ್ಮ ಹೊಸ್ತಿಲ ಆಚೆ ನಿಂತಿದ್ದರು. ಕೈಯಲ್ಲಿ ಕಾಫಿ ಲೋಟ. ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ, ಆಚೆಗೂ ಹೋಗುತ್ತಿರಲಿಲ್ಲ. ಬೆಳಗಿನಿಂದ ಇದೇ ಆಗಿತ್ತು. ಬಂದು ನಿಲ್ಲುವುದು, ಬಲ್ಬನ್ನು ನೋಡುವುದು, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಹೋಗುವುದು, ಕಾಲು ಗಂಟೆಗೆ ಮತ್ತೆ ಬರುವುದು. ಬೆನ್ನ ಹಿಂದೆ ಯಾರಾದರೂ ನಿಂತರೆ ರಾಧಾಮಣಿಗೆ ಕೈಯೇ ಓಡುತ್ತಿರಲಿಲ್ಲ.

"ನಂಗೆ ಗೊತ್ತಿದ್ರೆ ಹೀಗೆ ಕೂತಿರ್ತಿದ್ನಾ ಅತ್ತೆ? ಕಾಫಿ ಅಲ್ಲೇ ಇಡಿ."

ಅವರು ಲೋಟವನ್ನು ಹೊಸ್ತಿಲ ಮೇಲೆ ಇಟ್ಟು ಹೋದರು. ಒಳಗೆ ಬರದೇ ಇರುವುದಕ್ಕೆ ಕಾರಣ ರಾಧಾಮಣಿಯೇ. ಹತ್ತು ದಿನದ ಹಿಂದೆ ಲಕ್ಷ್ಮಿದೇವಮ್ಮ ಮೇಜು ಕೊಳೆಯಾಗಿದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿ, ಕಸದ ಜೊತೆ ಒಂದು ಹಿಡಿ ಬಿಡಿಭಾಗಗಳನ್ನು ಗುಡಿಸಿ ಹೊರಗೆ ಹಾಕಿದ್ದರು. ತಂದಿದ್ದ ಎರಡು ಸೆನ್ಸರಿನಲ್ಲಿ ಒಂದು ಹಾಗೆ ಹೋಗಿತ್ತು. ಅವತ್ತು ರಾಧಾಮಣಿ ಬಾಯಿಗೆ ಬಂದದ್ದನ್ನು ಅಂದಿದ್ದಳು. ಇನ್ನು ಮೇಲೆ ಈ ಮೇಜಿನ ಹತ್ತಿರ ಸುಳಿಯಬೇಡಿ, ನಿಮ್ಮ ಕೈ ತಾಗಿದ್ದೆಲ್ಲ ಕೆಡುತ್ತೆ ಅಂತಲೂ ಅಂದಿದ್ದಳು. ಸಿಟ್ಟಿನಲ್ಲಿ ಆಡಿದ ಮಾತು, ಮಧ್ಯಾಹ್ನಕ್ಕೆ ಮರೆತೂ ಹೋಗಿದ್ದಳು.

ಹನ್ನೆರಡರ ಹೊತ್ತಿಗೆ ಪವರ್ ತೆಗೆದು, ಸೆನ್ಸರಿನ ಒಂದು ಕಾಲು ಬಿಡಿಸಿ ಮೀಟರು ಹಿಡಿದಳು. ಬೆಳಕಿನಲ್ಲಿ ಒಂದೆರಡು ಕೆ ಇರಬೇಕಾದದ್ದು ಐವತ್ತರ ಮೇಲಿತ್ತು. ಹಾಗಾದರೆ ಸೆನ್ಸರೇ ಹೋಗಿದೆ. ಇದ್ದದ್ದೊಂದು ಕಣ್ಣು, ಅದೂ ಕುರುಡು. ಎಲ್ಲಿ ಸಿಗುತ್ತೆ ಅಂತ ಪೇಟೆಗೆ ಓಡಿದರೆ ಮೂರು ಗಂಟೆ ಅಲ್ಲೇ ಆಗುತ್ತದೆ. ಯಶವಂತಪುರದಲ್ಲಿ ಡಬ್ಬಿಗಟ್ಟಲೆ ಬಿದ್ದಿರುತ್ತವೆ, ಒಂದು ಕೇಳಿ ಹಾಕಿದರಾಯಿತು ಅಂತ ಕಾಲನ್ನು ಮತ್ತೆ ಬೆಸೆದು, ಸ್ಕ್ರೂ ಬಿಗಿದು, ಪೆಟ್ಟಿಗೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಲ್ಯಾಪ್‌ಟಾಪಿನ ಜೊತೆ ಬ್ಯಾಗಿಗೆ ಹಾಕಿಕೊಂಡಳು. ಹೊರಡುವಾಗ ಲಕ್ಷ್ಮಿದೇವಮ್ಮ ಗೇಟಿನ ತನಕ ಬಂದರೂ ಎದುರಿಗೆ ನಿಲ್ಲಲಿಲ್ಲ, ಕಂಬದ ಪಕ್ಕಕ್ಕೆ ಸರಿದರು. ಹೋಗ್ಬಿಟ್ ಬಾ ಅಂತಲೂ ಅನ್ನಲಿಲ್ಲ. ದಿನವಿಡೀ ವಟವಟ ಅನ್ನುವ ಹೆಂಗಸಿಗೆ ಇವತ್ತೇ ಬಾಯಿ ಕಟ್ಟಬೇಕೇ ಅಂತ ರಾಧಾಮಣಿಗೆ ಅದಕ್ಕೂ ರೇಗಿತು.

ಸೇತುರಾಮ ದೊಡ್ಡ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪೆಟ್ಟಿಗೆಗೆ ಪ್ಲಗ್ಗು ಹಾಕಿ, ಉರಿಯುತ್ತಿದ್ದ ಬಲ್ಬನ್ನೂ ಕಿಟಕಿಯ ಬಿಸಿಲನ್ನೂ ಒಂದಾದ ಮೇಲೊಂದು ನೋಡಿದರು. ಜೇಬಿನಿಂದ ಒಂದು ಪೆನ್ನು ತೆಗೆದು ಟೋಪಿ ಬಿಚ್ಚಿದರು. ಬೈದಿದ್ದರೂ ವಾಸಿಯಿತ್ತು.

"ಸೆನ್ಸರ್ ಹೋಗಿದೆ ಸರ್. ನಿನ್ನೆ ಚೆನ್ನಾಗೇ ಇತ್ತು. ಒಂದು ಹೊಸದು ಕೊಟ್ರೆ ಹತ್ತು ನಿಮಿಷದಲ್ಲಿ ಹಾಕ್ಬಿಡ್ತೀನಿ."

"ಹೊಸದು ಹಾಕೋದಕ್ಕೆ ನೀವ್ಯಾಕಮ್ಮ ಬೇಕು? ಅದನ್ನ ಯಾರು ಬೇಕಾದ್ರೂ ಹಾಕ್ತಾರೆ. ಯಾಕೆ ಹೋಯ್ತು, ಅದನ್ನ ಹೇಳಿ. ನನ್ನ ಬೆಂಚಿಗೆ ಬೇಕಿರೋದು ಆ ಉತ್ತರ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು. ಕೈಯಳತೆಯಲ್ಲೇ ಒಂದು ಡಬ್ಬಿ ತುಂಬ ಸೆನ್ಸರುಗಳಿದ್ದವು. ಸೇತುರಾಮ ಆ ಡಬ್ಬಿಯ ಮುಚ್ಚಳ ಹಾಕಿ, ಒಂದು ಹಾಳೆ ಮುಂದಿಟ್ಟು ಸರ್ಕ್ಯೂಟು ಬರೆಯಲು ಹೇಳಿದರು. ಅವಳು ಬರೆದಳು. ಮೇಲೆ ಐದು ವೋಲ್ಟು, ಕೆಳಗೆ ಗ್ರೌಂಡು, ನಡುವೆ ಸೆನ್ಸರು ಒಂದು, ರೆಸಿಸ್ಟರು ಒಂದು, ಎರಡೂ ಕೂಡುವ ಕಡೆಯಿಂದ ಎ ಝೀರೋಗೆ ಗೆರೆ. ರೆಸಿಸ್ಟರು ಇಲ್ಲದಿದ್ದರೆ ಏನಾಗುತ್ತೆ ಅಂತ ಕೇಳಿದರು. ಪಿನ್ನು ಗಾಳಿಗೆ ಬಿಟ್ಟ ಹಾಗಾಗಿ ಬಾಯಿಗೆ ಬಂದ ಅಂಕಿ ಹೇಳುತ್ತೆ ಅಂದಳು. ನೂರಾ ಅರವತ್ತು ಅಂದರೆ ಸೆನ್ಸರಿನ ತಡೆ ಎಷ್ಟು ಅಂತ ಕೇಳಿದರು; ಮನಸ್ಸಿನಲ್ಲೇ ಗುಣಿಸಿ ಐವತ್ತು ಚಿಲ್ಲರೆ ಕೆ ಅಂದಳು. ಎಲ್ಲ ಸರಿ ಉತ್ತರವೇ. ಸರಿ ಉತ್ತರ ಕೊಟ್ಟ ಹಾಗೆಲ್ಲ ಸೇತುರಾಮ ಅವರ ಹುಬ್ಬು ಇನ್ನೂ ಗಂಟು ಹಾಕಿಕೊಳ್ಳುತ್ತಿತ್ತು.

ಆಮೇಲೆ ತಾವೇ ಕೈ ಹಾಕಿದರು. ಹಿಂಬದಿ ಬಿಚ್ಚಿದರು, ಒಂದೊಂದು ಬೆಸುಗೆಯನ್ನೂ ಕಡ್ಡಿಯಲ್ಲಿ ಒತ್ತಿ ನೋಡಿದರು. ಫೋನಿನ ಟಾರ್ಚನ್ನು ಸೆನ್ಸರಿನ ಮೇಲೆ ಹಿಡಿದರೆ ಅಂಕಿ ಇನ್ನೂರರ ಹತ್ತಿರಕ್ಕೆ ಏರಿತು, ತೆಗೆದರೆ ಇಳಿಯಿತು. ಅಂದರೆ ಸತ್ತಿಲ್ಲ, ಜೀವವಿದೆ. ಮೈಗಳ್ಳನ ಹಾಗೆ ಅರ್ಧ ಕೆಲಸ ಮಾಡುತ್ತಿದೆ. ನಾಲ್ಕು ಗಂಟೆಯಾಯಿತು. ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿರಲಿಲ್ಲ ಅಂತ ಗೊಣಗಿದರು. ಅವರಿಗೂ ತಲೆ ಕೆಟ್ಟಿದೆ ಎಂದು ಕಂಡು ರಾಧಾಮಣಿಗೆ ಸ್ವಲ್ಪ ಸಮಾಧಾನವಾಯಿತು, ಅದರ ಹಿಂದೆಯೇ ಭಯವೂ ಆಯಿತು. ಉತ್ತರ ಸಿಗದಿದ್ದರೆ ಇವತ್ತಿಗೆ ಮುಗಿಯಿತು. ಸೋಮವಾರ ಮತ್ತೆ ಅದೇ ಅಡುಗೆಮನೆ, ಅದೇ ಬಾಡಿಗೆದಾರರ ನೀರಿನ ಮೋಟಾರು.

ಸುಮೈರಾ ತನ್ನ ಬೆಂಚಿನ ಕೆಲಸ ಮುಗಿಸಿ ಎದ್ದು ಬಂದಳು. ಕತ್ತಿನಲ್ಲಿ ದಾರ ಕಟ್ಟಿ ನೇತುಬಿಟ್ಟಿದ್ದ ಕನ್ನಡಕವನ್ನು ಮೂಗಿಗೇರಿಸಿದಳು. ಅವಳಿಗೆ ಆ ವಿಷಯದಲ್ಲಿ ಯಾವ ಸಂಕೋಚವೂ ಇರಲಿಲ್ಲ. ಎಲ್ಲರೂ ಪೆಟ್ಟಿಗೆಯ ಬೆನ್ನು ಬಿಚ್ಚಿ ಕರುಳು ನೋಡುತ್ತಿದ್ದರೆ ಅವಳು ಅದನ್ನು ತಿರುಗಿಸಿ ಮುಖ ನೋಡಿದಳು. ಮುಚ್ಚಳದ ನಡುವೆ ರಬ್ಬರ್ ಬಳೆಯೊಳಗೆ ಸೆನ್ಸರಿನ ದುಂಡು ಮುಖ. ಇಂಥ ಸೆನ್ಸರಿನ ಮುಖದ ಮೇಲೆ ಹುಟ್ಟಿನಿಂದಲೇ ಕೆಂಪು ಮಿಶ್ರಿತ ಕಿತ್ತಳೆಯ ಅಂಕುಡೊಂಕು ಗೆರೆಯೊಂದು ಇರುತ್ತದೆ, ದೂರದಿಂದ ಕೆಂಪಗೇ ಕಾಣುತ್ತದೆ.

"ರಾಧಾ, ಇದರ ಮೇಲೆ ಏನಾದ್ರೂ ಹಚ್ಚಿದ್ಯಾ? ಗೆರೆನೇ ಕಾಣಿಸ್ತಿಲ್ಲ."

ಉಗುರಿನಿಂದ ಅಂಚನ್ನು ಕೆರೆದಳು. ಉಗುರಿನ ತುದಿಗೆ ಕೆಂಪು ಪುಡಿ ಹತ್ತಿತು. ಸೇತುರಾಮ ಭೂತಗನ್ನಡಿ ತಂದು ಹಿಡಿದರು, ಬಗ್ಗಿ ನೋಡಿದರು, ಮೂಸಿಯೂ ನೋಡಿದರು.

"ಕುಂಕುಮ," ಎಂದರು. "ನೀರಿನಲ್ಲಿ ಕಲಸಿ, ದಪ್ಪಕ್ಕೆ ಇಟ್ಟಿದ್ದಾರೆ. ಯಾರಮ್ಮ ಇಟ್ಟಿದ್ದು?"

ಗೊತ್ತಿಲ್ಲ ಸರ್ ಅನ್ನಲು ಬಾಯಿ ತೆರೆದಳು ರಾಧಾಮಣಿ. ತಾನು ಇಟ್ಟಿಲ್ಲ. ಉಮೇಶ್ ಆರು ಗಂಟೆಗೇ ಗಾಡಿ ಹತ್ತಿದ್ದ, ಪೆಟ್ಟಿಗೆಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಮನೆಯಲ್ಲಿ ಉಳಿದದ್ದು ಇನ್ನೊಬ್ಬರೇ. ಆದರೆ ಅವರು ಇಟ್ಟಿರಲು ಸಾಧ್ಯವೇ ಇರಲಿಲ್ಲ.

ಚಿಕ್ಕಹನುಮಯ್ಯ ತೀರಿಕೊಂಡು ಒಂಬತ್ತು ವರ್ಷ. ಆ ಹನ್ನೊಂದನೇ ದಿನದಿಂದ ಲಕ್ಷ್ಮಿದೇವಮ್ಮ ಕುಂಕುಮದ ಬಟ್ಟಲನ್ನು ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಬಂದ ಮುತ್ತೈದೆಯರಿಗೆ ಕುಂಕುಮ ಕೊಡಬೇಕಾದರೆ ರಾಧಾಮಣಿಯನ್ನು ಕೂಗುತ್ತಾರೆ, ಅವಳಿಲ್ಲದಿದ್ದರೆ ಪಕ್ಕದ ಮನೆಯವರನ್ನು ಕರೆಯುತ್ತಾರೆ. ಯಾರ ಮನೆಯ ಮದುವೆಗೆ ಹೋದರೂ ಹಿಂದಿನ ಸಾಲಿನ ಕುರ್ಚಿ. ಇದೆಲ್ಲ ಈಗ ಯಾರೂ ನೋಡಲ್ಲ ಅತ್ತೆ ಅಂತ ರಾಧಾಮಣಿ ಎಷ್ಟೋ ಸಲ ಅಂದಿದ್ದಳು. ನೀನ್ ನೋಡಾಕಿಲ್ಲ, ಅಷ್ಟೇಯ ಅಂತ ಅವರು ಅಂದಿದ್ದರು. ಅಂಥವರು ಯಾರೂ ಇಲ್ಲದ ಹೊತ್ತು ನೋಡಿ, ಬಟ್ಟಲು ತೆಗೆದು, ಬೆರಳು ಅದ್ದಿ, ತಾನು ಹತ್ತಿರ ಸುಳಿಯಬೇಡಿ ಅಂದಿದ್ದ ಮೇಜಿನ ಹತ್ತಿರ ಬಂದಿದ್ದರು.

"ನಮ್ಮತ್ತೆ," ಎಂದಳು. ಸುಮೈರಾ ತಟ್ಟನೆ ಮುಖ ನೋಡಿದಳು. ಮಾವನ ಮಣ್ಣಿಗೆ ಬಂದಿದ್ದವಳು ಅವಳು, ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ರಾಧಾಮಣಿಗೆ ಸಿಟ್ಟೂ ಬಂತು, ಅಳುವೂ ಬಂತು, ಯಾವುದಕ್ಕೆ ಮೊದಲು ದಾರಿ ಬಿಡಬೇಕೋ ತಿಳಿಯಲಿಲ್ಲ. ಐದು ಸಲ ಸ್ಕ್ರೂ ಬಿಚ್ಚಿ ಬೆರಳ ತುದಿ ಸುಲಿದಿತ್ತು.

ಸೇತುರಾಮ ಸ್ಪಿರಿಟ್ಟಿನ ಬಾಟಲಿ, ಹತ್ತಿ ತಂದಿಟ್ಟರು. ಇಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡರು.

"ಶುಕ್ರವಾರ," ಎಂದರು ಮೆಲ್ಲಗೆ. "ನಾನು ಒರೆಸಲ್ಲಮ್ಮ. ನೀವೇ ಒರೆಸಿ."

ಅವರ ಬೆಂಚಿನ ಮೇಲಿದ್ದ ಒಂದೊಂದು ಮೀಟರಿನ ಮೂಲೆಯಲ್ಲೂ ಹೋದ ಆಯುಧಪೂಜೆಯ ಗಂಧ ಕುಂಕುಮ ಒಣಗಿ ಕೂತಿತ್ತು. ರಾಧಾಮಣಿ ಹತ್ತಿ ಅದ್ದಿ ಒರೆಸಿದಳು. ಮೂರು ಸಲ ಒರೆಸಬೇಕಾಯಿತು. ಹತ್ತಿ ಕೆಂಪಗಾದ ಹಾಗೆ ಪರದೆಯ ಮೇಲಿನ ಅಂಕಿ ಮುನ್ನೂರು ದಾಟಿ, ಐನೂರು ದಾಟಿ, ಎಂಟುನೂರಾ ಹತ್ತಕ್ಕೆ ಹೋಗಿ ನಿಂತಿತು. ಒಳಗೆ ಟಕ್ ಎಂದಿತು. ಬಲ್ಬು ಆರಿತು.

ಸೇತುರಾಮ ಪೆಟ್ಟಿಗೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ, ಕಣ್ಣಿಗೇ ಇಡೋದೇ ಅಮ್ಮ, ಪಕ್ಕಕ್ಕೆ ಇಡಬಾರದಿತ್ತೇ ಅಂದವರು, ತಮ್ಮ ಮಾತನ್ನು ತಾವೇ ತಡೆದು ಇಲ್ಲ ಅನ್ನುವ ಹಾಗೆ ತಲೆಯಾಡಿಸಿದರು.

"ಅವರ ತಪ್ಪಲ್ಲ ಇದು. ಪೆಟ್ಟಿಗೆಯ ತಪ್ಪು. ಆಯುಧಪೂಜೆ ದಿನ ಅಪಾರ್ಟ್‌ಮೆಂಟ್ ವಾಚ್‌ಮನ್ ಎಲ್ಲಿಗೆ ಇಡ್ತಾನೆ ಹೇಳಿ? ಹಣೆ ಥರ ಕಾಣೋದು ಇದೊಂದೇ, ಇಲ್ಲಿಗೇ ಇಡ್ತಾನೆ. ಇಷ್ಟು ಪೆಟ್ಟಿಗೆ ಮಾಡಿದೀನಿ, ನನಗೆ ಹೊಳೆದಿರಲಿಲ್ಲ. ತಗೊಂಡು ಹೋಗಿ, ಯಾರು ಬೊಟ್ಟಿಟ್ರೂ ಕಣ್ಣಿಗೆ ತಾಗದ ಹಾಗೆ ಏನಾದ್ರೂ ಮಾಡ್ಕೊಂಡು ಸೋಮವಾರ ಬನ್ನಿ."

"ತೋರ್ಸೋದಕ್ಕಾ ಸರ್?"

"ಡ್ಯೂಟಿಗೆ," ಎಂದರು ಸೇತುರಾಮ, ಪೆನ್ನಿನ ಟೋಪಿ ಹಾಕುತ್ತ.

ಗೊರಗುಂಟೆಪಾಳ್ಯದಲ್ಲಿ ಬಸ್ಸು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಕೆಲಸ ಸಿಕ್ಕ ಸಂತೋಷ ಮೊದಲ ಹತ್ತು ನಿಮಿಷಕ್ಕೇ ಹಳತಾಗಿ, ಅದರ ಕೆಳಗಿದ್ದ ಸಿಟ್ಟು ನಿಧಾನಕ್ಕೆ ಮೇಲೆ ಬಂತು. ಈಗ ಸಿಟ್ಟು ಮಾಡಿಕೊಳ್ಳಲು ಪುರುಸೊತ್ತೂ ಇತ್ತು. ಅತ್ತೆಗೆ ಹೇಳಬೇಕಾದ್ದನ್ನೆಲ್ಲ ರಾಧಾಮಣಿ ಸಾಲಾಗಿ ಜೋಡಿಸಿಕೊಂಡಳು. ಮುಟ್ಟಬೇಡಿ ಅಂದಮೇಲೆ ಮುಟ್ಟಿದ್ದು ಯಾಕೆ. ಮುಟ್ಟಿದ್ದರೂ ಬಾಯಿ ಬಿಟ್ಟು ಹೇಳಬೇಕಿತ್ತು ತಾನೇ. ಬೆಳಗಿನಿಂದ ನಾನು ಸಾಯುತ್ತಿದ್ದರೆ ಹೊಸ್ತಿಲಲ್ಲಿ ಗೊಂಬೆ ಥರ ನಿಂತು ನೋಡುತ್ತಿದ್ದಿರಲ್ಲ, ಒಂದು ಮಾತು ಅಂದಿದ್ದರೆ ಒರೆಸಿ ಆರಾಮಾಗಿ ಬರುತ್ತಿದ್ದೆನಲ್ಲ. ಹೆಬ್ಬಾಳ ದಾಟುವ ಹೊತ್ತಿಗೆ ಮಾತುಗಳು ಬಾಯಿಪಾಠವಾಗಿದ್ದವು.

ಮನೆ ತಲುಪಿದಾಗ ಆರು ಗಂಟೆ, ಇನ್ನೂ ಬೆಳಕಿತ್ತು. ಲಕ್ಷ್ಮಿದೇವಮ್ಮ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಗೇಟಿನ ಸದ್ದಿಗೆ ತಲೆ ಎತ್ತಿ, ಸೊಸೆಯ ಮುಖ ನೋಡಿ, ಮತ್ತೆ ಮೊರದ ಕಡೆ ಬಗ್ಗಿದರು. ಕೆಲಸ ಏನಾಯಿತು ಅಂತ ಕೇಳಲಿಲ್ಲ.

"ಅತ್ತೆ, ಅದಕ್ಕೆ ಕುಂಕುಮ ನೀವಿಟ್ರಾ?"

ಅಕ್ಕಿಯಲ್ಲಿ ಓಡಾಡುತ್ತಿದ್ದ ಬೆರಳು ನಿಂತಿತು.

"ನಂಗ್ ಗೊತ್ತಾಯ್ತು ಕಣಮ್ಮಿ," ಎಂದರು ಲಕ್ಷ್ಮಿದೇವಮ್ಮ. "ಬೆಳಗ್ಗೆ ಅಗಲೊತ್ತೇ ಉರಿಯೋದ್ ಕಂಡಾಗ್ಲೇ ಗೊತ್ತಾಯ್ತು. ನೀನ್ ನೀರುಯ್ಕಳಕ್ ಓಗಿದ್ದೆ. ಮೊದಲ್ನೇ ಸಲ ಆಚೆಗೊಂಟದೆ, ಸುಕ್ರುವಾರ, ಬರೀ ಅಣೇಲಿ ಯಂಗ್ ಕಳಿಸೋದು ಅಂತ ಇಟ್ಬುಟ್ಟೆ. ನೀನು ಇವೆಲ್ಲ ಮಾಡಾಕಿಲ್ವಲ್ಲ. ನಾನ್ ಇಡಬಾರ್ದಾಗಿತ್ತು. ನನ್ ಕೈಲಿ ಇಡೋವಂತದ್ದಲ್ಲ ಅದು. ನೀನೂ ಏಳಿದ್ದೆ, ನಿಮ್ ಕೈ ತಾಗಿದ್ದೆಲ್ಲ ಕೆಡ್ತದೆ ಅಂತ."

ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ರಾಧಾಮಣಿಯ ಬಾಯಿಗೆ ಬರಲಿಲ್ಲ. ಬೆಳಗಿನಿಂದ ಆ ಹೊಸ್ತಿಲಲ್ಲಿ ನಿಂತು ಈ ಹೆಂಗಸು ಇದನ್ನು ನೋಡುತ್ತಿದ್ದಳೇ? ತಾನು ರೆಸಿಸ್ಟರಿನ ಬಣ್ಣ ಎಣಿಸುತ್ತಿದ್ದರೆ, ಇವರು ಉರಿಯುವ ಬಲ್ಬಿನಲ್ಲಿ ತಮ್ಮ ಹಣೆಬರಹ ಓದುತ್ತಿದ್ದರೇ? ಹತ್ತು ದಿನದ ಹಿಂದೆ ಆಡಿ ಮರೆತ ಮಾತು ಈಗ ಅವಳಿಗೇ ಚುಚ್ಚಿತು. ನಿಮ್ಮ ಕುಂಕುಮದಿಂದಲೇ ಕೆಟ್ಟಿತು ಎಂಬುದು ನಿಜ. ಆ ನಿಜವನ್ನು ಹಾಗೇ ಹೇಳಿದರೆ ಇವರ ಕಿವಿಗೆ ಬೀಳುವುದು ಬೇರೆಯೇ ಮಾತು.

ಕೆಲಸ ಸಿಕ್ಕಿತು ಅತ್ತೆ, ಸೋಮವಾರದಿಂದ ಬರಲು ಹೇಳಿದ್ದಾರೆ ಅಂದಳು. ಅದು ಹಣೆ ಅಲ್ಲ, ಕಣ್ಣು. ಕಣ್ಣಿಗೆ ಯಾರು ಏನು ಮೆತ್ತಿದರೂ ಕತ್ತಲೇ ಆಗುವುದು, ನಿಮ್ಮ ಕೈಗೂ ಅದಕ್ಕೂ ಸಂಬಂಧವಿಲ್ಲ ಅಂದಳು. ಲಕ್ಷ್ಮಿದೇವಮ್ಮ ಕೆಲಸ ಸಿಕ್ಕಿದ್ದಕ್ಕೆ ಗಾಳಿಗೆ ಕೈ ಮುಗಿದರು. ಉಳಿದದ್ದನ್ನು ನಂಬಲಿಲ್ಲ. "ಸಮಾಧಾನಕ್ಕೇಳ್ತೀಯ," ಎಂದರು, ಬಿಡು ಅನ್ನುವ ಹಾಗೆ.

ರಾಧಾಮಣಿಗೆ ಆಗ ನಿಜವಾಗಿ ರೇಗಿತು. ಇಡೀ ದಿನದಲ್ಲಿ ಅಷ್ಟು ರೇಗಿರಲಿಲ್ಲ. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಬಂದಳು, ಹೊಸ್ತಿಲು ದಾಟಿಸಿ ಮೇಜಿನ ಮುಂದೆ ನಿಲ್ಲಿಸಿದಳು. ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗಿಟ್ಟು ಪ್ಲಗ್ಗು ಹಾಕಿದಳು. ಬಲ್ಬು ಉರಿಯಲಿಲ್ಲ. ದೇವರ ಮನೆಗೆ ಹೋಗಿ ಕುಂಕುಮದ ಬಟ್ಟಲು ತಂದಳು, ಲೋಟದ ನೀರಿನಲ್ಲಿ ಬೆರಳು ಅದ್ದಿ ಕುಂಕುಮ ಕಲಸಿದಳು.

"ನನ್ ಕೈ ನೋಡ್ಕೊಳ್ಳಿ. ಗಂಡ ಇರೋಳ ಕೈ," ಎಂದು ಉಂಗುರದ ಬೆರಳಿನಿಂದ ಸೆನ್ಸರಿನ ಮುಖಕ್ಕೆ ದಪ್ಪಗೆ ಬೊಟ್ಟಿಟ್ಟಳು.

ಟಕ್ ಎಂದಿತು. ಸಂಜೆಯ ಬೆಳಕಿನಲ್ಲಿ ಬಲ್ಬು ಹೊತ್ತಿಕೊಂಡಿತು.

ಲಕ್ಷ್ಮಿದೇವಮ್ಮ ಬಲ್ಬನ್ನು ನೋಡಿದರು, ಬೊಟ್ಟನ್ನು ನೋಡಿದರು, ಸೊಸೆಯ ಕೆಂಪು ಬೆರಳನ್ನು ನೋಡಿದರು. ರಾಧಾಮಣಿ ಒದ್ದೆ ಬಟ್ಟೆಯಿಂದ ಸೆನ್ಸರನ್ನು ಚೊಕ್ಕಟವಾಗಿ ಒರೆಸಿದಳು. ಬಲ್ಬು ಆರಿತು. ಆಮೇಲೆ ಪೆಟ್ಟಿಗೆಯನ್ನು ಅವರ ಕಡೆ ತಿರುಗಿಸಿ ಬಟ್ಟಲನ್ನು ಮುಂದೆ ಹಿಡಿದಳು.

"ಈಗ ನೀವಿಡಿ. ಇಲ್ಲಿ, ಪಕ್ಕಕ್ಕೆ. ಬೆಳಿಗ್ಗೆ ಯಾರೂ ನೋಡ್ದೇ ಇರೋವಾಗ ಇಟ್ರಲ್ಲ, ಈಗ ನಾನ್ ನೋಡ್ತಾ ಇರೋವಾಗ ಇಡಿ."

ಬೇಡ ಕಣಮ್ಮಿ ಅಂದರು. ರಾಧಾಮಣಿ ಬಟ್ಟಲನ್ನು ಹಿಂದಕ್ಕೆ ತೆಗೆಯಲಿಲ್ಲ. ಲಕ್ಷ್ಮಿದೇವಮ್ಮ ಬಚ್ಚಲಿಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಬಿತ್ತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬೆರಳನ್ನು ಬಟ್ಟಲಿಗೆ ಅದ್ದಿ, ಪೆಟ್ಟಿಗೆಯ ಪಕ್ಕಕ್ಕೆ ಒತ್ತಿದರು. ಒತ್ತಿದ ಬೆರಳನ್ನು ತೆಗೆಯದೆ, ಉಸಿರು ಬಿಗಿಹಿಡಿದು ಬಲ್ಬನ್ನೇ ನೋಡುತ್ತ ನಿಂತರು. ಹೊರಗೆ ಬಾಡಿಗೆಯವರ ಸ್ಕೂಟರು ಬಂದು ನಿಂತಿತು, ಯಾರೋ ಗೇಟು ಹಾಕಿದರು.

ಬಲ್ಬು ಹೊತ್ತಿಕೊಳ್ಳಲಿಲ್ಲ.